ನಾಲ್ಕು ಗಂಟೆಯ ಬಿಕ್ಕಳಿಕೆ

ಈ ಕತೆಯನ್ನು ನಾನು ಚೆನ್ನಾಗಿ ಹೇಳಲಾರೆ, ಮೊದಲೇ ಕ್ಷಮಿಸಿಬಿಡಿ. ಇದು ನನ್ನ ಮೊದಲ ಕತೆ. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಬಹಳ ಹಿಂದೆ, ಮೋಡಗಳು ಮಲಗುವ ಬೆಟ್ಟಗಳಾಚೆ, ಕಿಂಕಿಣಿಪುರ ಎಂಬ ರಾಜ್ಯವಿತ್ತು. ಅಲ್ಲಿ ಕಾಲವು ಅರಮನೆಯ ಹಳೆಯ ಗಡಿಯಾರ ಹೇಳಿದಂತೆ ಕೇಳುತ್ತಿತ್ತು. ಒಮ್ಮೆ ಅಜ್ಜಿರಾಣಿ ಅದನ್ನು ಕುದಿಯುವ ಬೆಲ್ಲದ ಪಾಕದೊಳಗೆ ಬೀಳಿಸಿದ್ದಳು. ಅಂದಿನಿಂದ ಗಡಿಯಾರದ ಮುಖದಲ್ಲಿ, ಮುಖ ಎಂದರೆ ಅಂಕಿ ಬರೆದ ಬಿಳಿಯ ಬಿಲ್ಲೆ, ನಾಲ್ಕರ ಪಕ್ಕ ಒಂದು ಕಂದು ಬೊಬ್ಬೆ ಎದ್ದಿತ್ತು. ದಿನಾ ಸಂಜೆ ಮುಳ್ಳು ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. (ಬೆಳಗಿನ ಜಾವವೂ ಸಿಕ್ಕಿಕೊಳ್ಳುತ್ತಿತ್ತು, ಆಗ ಎಲ್ಲರೂ ಮಲಗಿರುತ್ತಿದ್ದರು.) ಮುಳ್ಳು ನಿಂತರೆ ಕಾಲ ನಿಲ್ಲುತ್ತಿತ್ತು. ಕಾಲ ನಿಂತರೆ ಎಲ್ಲರಿಗೂ ತಮ್ಮವರ ನೆನಪಾಗುತ್ತಿತ್ತು. ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದಲ್ಲ, ಹಾಗಾಗಿ ಇಡೀ ರಾಜ್ಯ ಒಟ್ಟಿಗೆ ಬಿಕ್ಕಳಿಸುತ್ತಿತ್ತು. ಪಟ್ಟದಾನೆ ಗೌರಿ ಬಿಕ್ಕಳಿಸಿದರೆ ಲಾಯದ ಹೆಂಚು ಹಾರುತ್ತಿತ್ತು.

ರಾಜಕುಮಾರಿ ರೇವಂತಿಗೆ ಪಟ್ಟಾಭಿಷೇಕ ನಿಶ್ಚಯವಾಯಿತು. ಮುಹೂರ್ತ ಸರಿಯಾಗಿ ಸಂಜೆ ನಾಲ್ಕಕ್ಕೆ!

"ಅಜ್ಜಿ, ಪರದೇಶದ ರಾಜರೆಲ್ಲ ಬರ್ತಾರೆ. ಬಿಕ್ಕಳಿಸಿ ಕಿರೀಟ ಮೂಗಿನ ಮೇಲೆ ಜಾರಿದ್ರೆ? ಗಡಿಯಾರದ ಮುಖ ಸರಿ ಮಾಡಿಸ್ಲಾ?"

"ಹಾಗೇ ನನ್ನ ಮುಖಾನೂ ಇಸ್ತ್ರಿ ಮಾಡಿಸೇ, ತಾಯಿ!" ಎಂದಳು ಅಜ್ಜಿ.

ಆಗಲೇ ಧೂಮ್ರಕನೆಂಬ ಮಾಂತ್ರಿಕ ಕುಶಲಕರ್ಮಿಯ ವೇಷದಲ್ಲಿ ಬಂದ. "ಹಳೆಯದನ್ನೆಲ್ಲ ಹೊಸದು ಮಾಡುತ್ತೇನೆ" ಎಂದ. ರೇವಂತಿ ಮೊದಲು ಅಜ್ಜಿಯ ಸೊಟ್ಟ ಪಾತ್ರೆ ಕೊಟ್ಟಳು. ಉಫ್ ಎಂದ, ಪಾತ್ರೆ ಥಳಥಳ ಹೊಳೆಯಿತು. ಆದರೆ ಅದರಲ್ಲಿ ಮಾಡಿದ ಸಾರಿಗೆ ರುಚಿಯೇ ಇರಲಿಲ್ಲ. ಎರಡನೆಯದಾಗಿ ಗೌರಿಯ ಹರಿದ ಕಿವಿ ತೋರಿಸಿದಳು. ಉಫ್ ಎಂದ, ಕಿವಿ ಕೂಡಿಕೊಂಡಿತು. ಆದರೆ ಗೌರಿ ಮಾವುತ ಬೀರಣ್ಣನನ್ನು ಅಪರಿಚಿತನಂತೆ ನೋಡಿ, ಸೊಂಡಿಲಿನಿಂದ ದೂರ ತಳ್ಳಿತು.

"ಮರಿಯಾಗಿದ್ದಾಗಿಂದ ಸಾಕಿದೀನಿ, ಯಾರು ನೀನು ಅಂತಾಳಲ್ಲ ಬುದ್ಧಿ!" ಎಂದು ಬೀರಣ್ಣ ಅತ್ತುಬಿಟ್ಟ.

ರೇವಂತಿಗೆ ಆಗ ಹೊಳೆಯಿತು. ಇವನು ಗಾಯದ ಜೊತೆ ನೆನಪನ್ನೂ ಒರೆಸಿ ನುಂಗುತ್ತಿದ್ದಾನೆ! ಗಡಿಯಾರದ ಮುಖ ಒರೆಸಿದರೆ ಇಡೀ ರಾಜ್ಯ ತನ್ನವರನ್ನು ಮರೆತು, ಇವನು ಹೇಳಿದಂತೆ ಕುಣಿಯುತ್ತದೆ.

"ಮೂರನೆಯದಾಗಿ ಗಡಿಯಾರ ಕೊಡಿ" ಎಂದ ಧೂಮ್ರಕ.

"ನಾಲ್ಕಾಗಲಿ" ಎಂದಳು.

ನಾಲ್ಕಾಯಿತು. ಮುಳ್ಳು ಸಿಕ್ಕಿಕೊಂಡಿತು. ಹಿಕ್! ಅಜ್ಜಿ, ಬೀರಣ್ಣ, ಕಾವಲುಗಾರರು, ಎಲ್ಲರೂ ಬಿಕ್ಕಳಿಸಿದರು. ಧೂಮ್ರಕ ಒಬ್ಬನೇ ಸುಮ್ಮನಿದ್ದ.

"ನಿನಗ್ಯಾಕೆ ಬರಲಿಲ್ಲ?"

"ನನ್ನನ್ನು ನೆನೆಯುವವರು ಯಾರಿದ್ದಾರೆ?" ಎಂದವನೇ ವೇಷ ಕಳಚಿ, ಹೊಗೆಯಂತೆ ಬೆಳೆದು, ಗಡಿಯಾರ ಕಸಿಯಲು ಮಂತ್ರ ಶುರುಮಾಡಿದ. ಕಾವಲುಗಾರರ ಕತ್ತಿಗಳು ಹೂದಂಟಾಗಿ ಬಾಗಿದವು.

ರೇವಂತಿ ಕಣ್ಣು ಮುಚ್ಚಿದಳು. ಹೆದರಿಕೆಗಲ್ಲ, ನೆನೆಯುವುದಕ್ಕೆ. 'ಪಾಪ, ಇವನಿಗೂ ಯಾರೋ ಅನ್ನ ಕಲಸಿ ತಿನ್ನಿಸಿರಬೇಕು' ಎಂದು ಮನಸಾರೆ ನೆನೆದಳು.

"ಓಂ ಹ್ರೀಂ... ಹಿಕ್!"

ಮಂತ್ರ ತುಂಡಾಯಿತು. "ಎಲ್ಲರೂ ನೆನೀರಿ!" ಎಂದು ಅಜ್ಜಿ ಕೂಗಿದಳು. ಹಿಕ್, ಹಿಕ್, ಹಿಕ್! ಒಂದೊಂದು ಬಿಕ್ಕಳಿಕೆಗೂ ಅವನು ನುಂಗಿದ್ದ ನೆನಪುಗಳು ಚಿಟ್ಟೆಗಳಾಗಿ ಹಾರಿದವು. ಗೌರಿ ಬೀರಣ್ಣನನ್ನು ಎತ್ತಿ ಬೆನ್ನಿಗೇರಿಸಿಕೊಂಡಿತು. ಕತ್ತಿಗಳು ನೆಟ್ಟಗಾದವು. ಹೊಗೆ ಕರಗಿ, ಸಣಕಲು ಮುದುಕನೊಬ್ಬ ಉಳಿದ.

"ನೀರು ಕುಡಿಯೋ, ಪಾಪಿ" ಎಂದು ಅಜ್ಜಿ ಚೊಂಬು ಕೊಟ್ಟಳು. ಅವನು ನಕ್ಕುಬಿಟ್ಟ.

ಬೊಬ್ಬೆ ಹಾಗೇ ಉಳಿಯಿತು. ಪಟ್ಟಾಭಿಷೇಕದ ದಿನ ಕಿರೀಟ ಮೂಗಿಗೇ ಜಾರಿತು, ಪರದೇಶದ ರಾಜರೂ ಬಿಕ್ಕಳಿಸಿ, ತಮ್ಮ ತಾಯಂದಿರನ್ನು ನೆನೆದು ನಕ್ಕರು, ಎಲ್ಲರೂ ಸುಖವಾಗಿ ಬಾಳಿದರು. ಆ ರಾಜರ ತಾಯಂದಿರು ಇದ್ದದ್ದು ದೂರದ ಊರುಗಳಲ್ಲಿ, ಅಲ್ಲಿ ಈ ಗಡಿಯಾರ ನಡೆಯುವುದಿಲ್ಲ, ಹಾಗಿದ್ದರೂ ಬಿಕ್ಕಳಿಕೆ ಹೇಗೆ ಬಂತು ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಏನೆಂದರೆ, ತಾಯಂದಿರು ನೆನೆಯುವುದಕ್ಕೆ ನಾಲ್ಕು ಗಂಟೆಯೇ ಆಗಬೇಕೆಂದಿಲ್ಲ, ಅವರು... ಹಾಂ, ಬಂದೆ ಅಮ್ಮಾ, ಬಂದೆ!