ಎರಡು ಬೆರಳಗಲ ಬರಿಮೈ

"ಹಾವಿನ ಸುತ್ತು ಕೂಡಬಾರದಪ್ಪಾ. ತಲೆಗೂ ಬಾಲಕ್ಕೂ ನಡುವೆ ಎರಡು ಬೆರಳಗಲ ಬರಿಮೈ ಬಿಟ್ಟಿದ್ದೀನಿ. ಅದು ನಿನ್ನ ಉಸಿರಿನ ದಾರಿ," ಎಂದ ಹಚ್ಚೆಯ ಮುದುಕ ಗೆನ್‌ಬೆ, ಸೂಜಿ ಕಟ್ಟಿದ ಬಿದಿರುಕಡ್ಡಿಯನ್ನು ಒರೆಸುತ್ತ.

ಇಸೋಜಿ ನಕ್ಕುಬಿಟ್ಟ. ಹಳ್ಳಿಯಿಂದ ಎದೋ ಪಟ್ಟಣಕ್ಕೆ ಬಂದು ಬೆಂಕಿ ಆರಿಸುವ ದಂಡು ಸೇರಿ ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಉರಿಯುವ ಮಾಡು ಹತ್ತುವವನಿಗೆ ಮೈತುಂಬ ಹಚ್ಚೆಯಿಲ್ಲದಿದ್ದರೆ ಆ ದಂಡಿನಲ್ಲಿ ಮರ್ಯಾದೆಯಿಲ್ಲ. ಎಂಟು ತಿಂಗಳು ಹಲ್ಲು ಕಚ್ಚಿ ಚುಚ್ಚಿಸಿಕೊಂಡಿದ್ದ. ಬೆನ್ನಿಂದ ಹೊರಟ ಹಾವು ಎದೆಯನ್ನು ಬಳಸಿ, ಎಡಪಕ್ಕೆಯಲ್ಲಿ ತನ್ನ ಬಾಲದ ಹತ್ತಿರವೇ ಬಂದು ನಿಂತಿತ್ತು.

"ಮಸಿ ಮುಗೀತು ಅನ್ನಿ ಗುರುಗಳೇ. ಕತೆ ಯಾಕೆ ಕಟ್ತೀರಿ?"

"ಸುತ್ತು ಕೂಡಿಸೋದು ನಮ್ಮ ಕಸುಬಿನ ಮಾಟ ಕಣೋ. ಹಗೆಯವನಿಗೆ ಹೆಂಡ ಕುಡಿಸಿ ಮಲಗಿಸಿ ಮಾಡ್ತಿದ್ರು. ಕಣ್ಣಾರೆ ನೋಡಿದೀನಿ." ಮುದುಕ ಮಸಿಯ ಬಟ್ಟಲು ಮುಚ್ಚಿಟ್ಟ.

ಆದರೆ ಊರವರೆಲ್ಲ ಮೀಯುವ ಸ್ನಾನದಮನೆಯಲ್ಲಿ ದಂಡಿನ ಜೊತೆಗಾರರು ಬಿಟ್ಟಾರೆಯೇ? "ಏನೋ, ಹಾವಿಗೆ ಚರ್ಮ ಸಾಲಲಿಲ್ವಾ?" ಎಂದನೊಬ್ಬ. "ನೋವು ತಡೀಲಾರದೆ ಎದ್ದು ಓಡಿಬಂದಿದಾನೆ ಬಿಡೋ!" ಎಂದ ಇನ್ನೊಬ್ಬ. ಅಷ್ಟೇ ಸಾಕಾಯಿತು ಆ ಹುಂಬನಿಗೆ. ಮನೆಗೆ ಬಂದವನೇ ಹೆಂಡತಿ ಒಕಿನುವಿನ ಹೊಲಿಗೆಸೂಜಿಗಳನ್ನು ಬಿದಿರುಕಡ್ಡಿಗೆ ಬಿಗಿದ.

"ಬೇಡಾರೀ, ಹಿರಿಯರು ಉಸಿರಿನ ದಾರಿ ಅಂದಿದಾರೆ," ಎಂದು ಒಕಿನು ಅಂಗಲಾಚಿದಳು.

"ಸುಮ್ನಿರೇ, ಉಸಿರು ಮೂಗಲ್ಲಿರುತ್ತೆ!"

ಮಸಿಯಲ್ಲದ್ದಿ ಅದ್ದಿ ಆ ಬರಿಮೈ ಮೇಲೆ ಹಾವಿನ ಆರು ಹುರುಪೆ ಚುಚ್ಚಿಕೊಂಡ. ಸುತ್ತು ಕೂಡಿತು.

ಮರುದಿನ ಮಧ್ಯಾಹ್ನ, ಮೆರೆಯಲೆಂದೇ ಸ್ನಾನಕ್ಕೆ ಹೋದ. ಜೊತೆಗೆ ಬಂದ ಒಕಿನು ಹೆಂಗಸರ ಕಡೆಗೆ ಹೋದಳು. ತೊಟ್ಟಿಯ ಕೋಣೆಗೆ ಬಗ್ಗಿಯೇ ನುಗ್ಗಬೇಕು. ಒಳಗೆ ಹಗಲಲ್ಲೂ ಕತ್ತಲೆ, ಹಬೆ, ನೆನೆದ ಮರದ ಮತ್ತು ಮೈ ಉಜ್ಜುವ ತೌಡಿನ ವಾಸನೆ. ಸುಡುನೀರಲ್ಲಿ ಕತ್ತಿನವರೆಗೆ ಮುಳುಗಿದ. ಹೊಸ ಹಚ್ಚೆ ಉರಿಯಿತು. ಆಮೇಲೆ ಎದೆಯ ಸುತ್ತ ಏನೋ ಮೆಲ್ಲಗೆ ಸರಿಯಿತು. ತಡವಿ ನೋಡಿದ. ಬರಿ ಚರ್ಮ. ಉಸಿರು ಬಿಟ್ಟ. ಅದು ಬಿಗಿಯಿತು. ಮತ್ತೆ ಎಳೆದುಕೊಳ್ಳಲು ಆಗಲಿಲ್ಲ. ಕೂಗಲು ಗಾಳಿಯಿಲ್ಲ. ಪಕ್ಕೆಲುಬು ಲಟಕ್ಕೆಂದಿತು. ಇನ್ನೊಂದು. ಕತ್ತಲಲ್ಲಿ ಕೈಬಡಿದ. ನೀರು ಬಾಯಿಗೆ ಬಂತು.

ಜೊತೆಗಾರರು ಎಳೆದು ಹಾಕಿದಾಗ ಮುಖ ನೀಲಿಯಾಗಿತ್ತು. ಗದ್ದಲ ಕೇಳಿ ಹೆಂಗಸರ ಕಡೆಯಿಂದ ಒಕಿನು ಒದ್ದೆಮೈಗೆ ಬಟ್ಟೆ ಸುತ್ತಿಕೊಂಡು ಓಡಿಬಂದಳು. ಪಕ್ಕೆ ನೋಡಿದಳು. ಗಡ್ಡ ಹೆರೆಯುತ್ತಿದ್ದವನ ಕೈಯಿಂದ ಕ್ಷೌರದ ಕತ್ತಿ ಕಿತ್ತುಕೊಂಡಳು. ಎರಡು ಬೆರಳಗಲ ಚರ್ಮವನ್ನು ಸುಲಿದೇಬಿಟ್ಟಳು.

ಇಸೋಜಿ ಉಸಿರೆಳೆದ.

ಬದುಕಿದನಲ್ಲ, ಅಷ್ಟು ಸಾಕೆಂದು ಅವಳು ಗಾಯಕ್ಕೆ ಮದ್ದು ಹಚ್ಚಿದಳು. ಅದು ಒಣಗುತ್ತ ಬಂದಾಗ ಹಿಗ್ಗಿದಳು, ಪಾಪ. ಹನ್ನೆರಡನೆಯ ದಿನ ಊಟಕ್ಕೆ ಕೂತವನ ಉಸಿರು ಕಟ್ಟಿ, ಕೈಯಿಂದ ಬಟ್ಟಲು ಬಿತ್ತು. ಗಾಯ ಮಾದು, ಎರಡು ಕಡೆಯ ಚರ್ಮವನ್ನೂ ಹತ್ತಿರ ಎಳೆದಿತ್ತು. ಹಾವಿನ ತಲೆ ಬಾಲಕ್ಕೆ ತಾಗಿತ್ತು. ಒಕಿನು ಅಳುತ್ತಲೇ ಮತ್ತೆ ಕೊಯ್ದಳು.

ಸುದ್ದಿ ತಿಳಿದು ಬಂದ ಗೆನ್‌ಬೆ ಪಕ್ಕೆ ನೋಡಿ ತಲೆ ತಗ್ಗಿಸಿದ. "ಚರ್ಮಕ್ಕೇನು ಗೊತ್ತಮ್ಮಾ? ಹರಿದರೆ ಕೂಡಿಕೊಳ್ಳೋದೊಂದೇ ಅದಕ್ಕೆ ಗೊತ್ತು."

ಈಗ ಪ್ರತಿ ಬೆಳಿಗ್ಗೆ ಅವಳು ಗಾಯದ ಪಟ್ಟಿ ಬಿಚ್ಚಿ ನೋಡುತ್ತಾಳೆ. ರಕ್ತ ಜಿನುಗುತ್ತಿದ್ದರೆ ಗಂಡನಿಗೆ ಗಂಜಿ ಬಡಿಸುತ್ತಾಳೆ. ಒಣಗಿದ್ದರೆ ಕತ್ತಿ ಮಸೆಯುತ್ತಾಳೆ.