ನಳದ ಗುಂಡಿಯಿಂದ ಬಂದ ಮಿಸ್ಡ್ ಕಾಲ್

"ನಮ್ಮ ನಳದ ಗುಂಡ್ಯಾಗ ಕೈ ಹಾಕಿದ್ದು ಯಾರ್ರಿ? ಏಳ್ರಿ ಮೊದಲ."

ಸುಲ್ತಾನಾಳ ದನಿಗೆ, ಗುಂಡಿಯ ಪಕ್ಕ ಬೋರಲು ಮಲಗಿದ್ದ ಗಂಡಸು ಬೆಚ್ಚಿ ತಲೆ ಎತ್ತಿದ. ಹಣೆಗೆ ಕೆಸರು. ಹಲ್ಲಿನ ನಡುವೆ ಒಂದು ಕೆಂಪು ತಂತಿ.

ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನಿಂದ ಅವಳು ಒಂದೂವರೆ ಮೈಲಿ ಓಡಿ ಬಂದಿದ್ದಳು. ನೀರು ಬಂದಿದೆ ಎಂದು ಯಾರೋ ಹೇಳಿದ್ದರು. ಬಂದು ನೋಡಿದರೆ ಗುಂಡಿಯೊಳಗಿನ ನಳ ಒಣಗಿತ್ತು.

"ಮೋಟರ್ ಹಚ್ಚಿ ನಮ್ಮ ನೀರು ಎಳಕೊಳ್ಳಾಕ ಬಂದೀರೇನು?"

ಅವನು ಬಾಯಿಂದ ತಂತಿ ತೆಗೆದ. "ಮೋಟರ್ ಅಲ್ರಿ, ಮೊಬೈಲ್."

ಬಾಗಿಲಲ್ಲಿ ಕೂತಿದ್ದ ತಾಯಿ ಮಾಬುಬೀ ನಕ್ಕಳು. "ನಾನs ಬಾ ಅಂದೀನಿ ಅವಂಗ. ದಾದಾಪೀರ್ ಅಂತ, ಕುರುಗೋಡಿನವ. ಓಣಿ ಬಾಯಾಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನ."

ಅದು ಗಣಿ ದುಡ್ಡಿನ ಕಾಲ. ಊರಿನ ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು, ರಸ್ತೆ ತುಂಬ ಅದಿರು ಲಾರಿಗಳ ಕೆಂಪು ದೂಳು. ಆ ಓಣಿಯ ನಳಕ್ಕೆ ಮಾತ್ರ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ನೀರು. ಯಾವ ದಿನ, ಯಾವ ಹೊತ್ತು ಎಂಬುದು ವಾಲ್ವ್ ತಿರುಗಿಸುವ ದುರುಗಪ್ಪನಿಗೂ ಗೊತ್ತಿರುತ್ತಿರಲಿಲ್ಲ. ಒಂದು ಗಂಟೆ ಬಂದು ನಿಂತುಬಿಡುತ್ತಿತ್ತು. ಮಾಬುಬೀಯ ಮೊಣಕಾಲು ಕೊಡ ಎತ್ತಲು ಬಿಡುತ್ತಿರಲಿಲ್ಲ. ಹೀಗಾಗಿ ಸುಳ್ಳು ಸುದ್ದಿಗೂ ಸುಲ್ತಾನಾ ಮಷೀನು ಬಿಟ್ಟು ಓಡಿ ಬರಬೇಕು.

ಬಂದ ಸಂಬಂಧಗಳಿಗೂ ಅವಳದು ಒಂದೇ ಉತ್ತರವಾಗಿತ್ತು. "ನಾ ಹೋದ್ರ ನೀರು ಹಿಡಿಯೋರು ಯಾರು?" ಹಾಗೆನ್ನುತ್ತಲೇ ಇಪ್ಪತ್ತೇಳು ತುಂಬಿತ್ತು.

ಶೆಡ್ಡಿನ ಯಜಮಾನ ಚಂದ್ರಣ್ಣ ಮೊನ್ನೆಯೇ ಹೇಳಿದ್ದ. "ಖರೇ ನೀರು ಬಂದ್ರ ಹೋಗವ್ವ, ಬ್ಯಾಡ ಅನ್ನಂಗಿಲ್ಲ. ಇನ್ನೊಮ್ಮೆ ಸುಳ್ಳು ಸುದ್ದಿಗೆ ಎದ್ದು ಹೋದ್ರ ಮಷೀನು ಬ್ಯಾರೇವರಿಗೆ ಕೊಡ್ತೀನಿ."

ದಾದಾಪೀರ್ ಡಬ್ಬಿ ತೋರಿಸಿದ. ಹಳೆಯ ಟಿಫಿನ್ ಡಬ್ಬಿಯೊಳಗೆ ಕವಚವಿಲ್ಲದ ಒಂದು ಮೊಬೈಲು, ಅದಕ್ಕೆ ಬೆಸೆದ ನಾಲ್ಕಾರು ತಂತಿ.

"ನಳದ ಬಾಯಿಗೆ ಎರಡು ತಂತಿ ಕಟ್ಟೀನಿ. ನೀರು ತಾಗಿದ ಕೂಡ್ಲೇ ಇದು ಮಿಸ್ಡ್ ಕಾಲ್ ಕೊಡ್ತೈತಿ. ಮೊದಲ ಒಬ್ಬರಿಗೆ. ಎರಡು ನಿಮಿಷ ಆದ್ರೂ ನೀರು ಹರೀತಿದ್ರ ಉಳಿದವರಿಗೆಲ್ಲ. ನಿಮ್ಮದು ತಗ್ಗಿನ ಮನಿ, ನೀರು ಇಲ್ಲೇ ಮೊದಲ ಬರೋದು. ಮೊದಲನೇದಕ್ಕ ನಿಮ್ಮ ನಂಬರ್ ಹಾಕ್ತೀನಿ, ಹೇಳ್ರಿ."

ಗುರುತಿಲ್ಲದ ಗಂಡಸಿಗೆ ನಂಬರು ಕೊಡುವುದೇ? ಸುಲ್ತಾನಾ ತಾಯಿಯತ್ತ ನೋಡಿದಳು.

ಎದುರು ಮನೆಯ ಜಡೆಮ್ಮ ಕಟ್ಟೆಯಿಂದಲೇ ಕೂಗಿದಳು. "ನನ್ನ ನಂಬರ್ ಕೇಳಿದ್ರ ಎರಡು ಸಲ ಹೇಳ್ತಿದ್ದೆ. ಕೊಡು ಸುಲ್ತಾನಾ."

"ಮೊದಲನೇ ನಂಬರ್ ನಂದs ಯಾಕ?" ಸುಲ್ತಾನಾ ಅವನನ್ನು ಕೇಳಿದಳು.

"ದೂರ ಇರೋರಿಗೆ ಮೊದಲ ಗೊತ್ತಾಗಬೇಕಲ್ರಿ."

ಯಾಕೋ ಆ ಮಾತು ಅವಳಿಗೆ ಹಿಡಿಸಿತು. ನಂಬರು ಹೇಳಿದಳು.

ಎಂಟನೇ ದಿನ, ಜಿಪ್ಪು ಹೊಲಿಯುತ್ತಿದ್ದಾಗ ಫೋನು ಎರಡು ಸಲ ಗುನುಗಿ ನಿಂತಿತು. ಓಡಿ ಬಂದರೆ ಗುಂಡಿ ತುಂಬ ನೀರು! ಅಂದೇ ಆ ನಂಬರನ್ನು 'ನೀರು' ಎಂಬ ಹೆಸರಿನಲ್ಲಿ ಉಳಿಸಿಕೊಂಡಳು.

ಮೂರು ತಿಂಗಳು ಅದು ಒಮ್ಮೆಯೂ ತಪ್ಪಲಿಲ್ಲ. ದಾದಾಪೀರ್ ವಾರಕ್ಕೊಮ್ಮೆ ಮಧ್ಯಾಹ್ನ ಬಂದು ತಂತಿಯ ತುಕ್ಕು ಒರೆಸಿ, ಮಾಬುಬೀ ಕೊಟ್ಟ ರೊಟ್ಟಿ ತಿಂದು ಹೋಗುತ್ತಿದ್ದ. ಒಂದೆರಡು ಸಲ ಸುಲ್ತಾನಾ ಮನೆಯಲ್ಲಿದ್ದಾಗಲೂ ಬಂದಿದ್ದ. ಕುರುಗೋಡಿನಲ್ಲಿ ತನ್ನ ತಾಯಿ ನಳದ ಮುಂದೆಯೇ ಅರ್ಧ ಆಯುಷ್ಯ ಕಳೆದಳು ಎಂದಿದ್ದ. ಅವನು ಹೋದ ಮೇಲೂ ಆ ಮೆಲುದನಿ ಅವಳ ಕಿವಿಯಲ್ಲಿ ಉಳಿಯುತ್ತಿತ್ತು.

ಆಮೇಲೆ ಆ ಮಂಗಳವಾರ ಬಂತು.

ಮಧ್ಯಾಹ್ನ ಫೋನು ಗುನುಗಿತು. 'ನೀರು'. ಲಾರಿಗೆ ಹಾಕಬೇಕಾದ ಮಾಲು ಅರ್ಧಕ್ಕೇ ಬಿಟ್ಟು ಅವಳು ಓಡಿದಳು.

ನಳದಲ್ಲಿ ಹನಿ ನೀರಿಲ್ಲ. ಬಾಗಿಲಲ್ಲಿ ದಾದಾಪೀರ್ ರೊಟ್ಟಿ ಮುರಿಯುತ್ತ ಕೂತಿದ್ದಾನೆ. ಅವಳನ್ನು ಕಂಡು ಅವನ ಮುಖ ಅರಳಿತು.

"ಜಡೆಮ್ಮಕ್ಕ, ನಿನಗ ಕಾಲ್ ಬಂತೇನು?"

"ಇಲ್ಲಲೇ. ನೀರೆಲ್ಲಿ ಬಂದಾವು?"

ಅವಳೊಬ್ಬಳಿಗೇ ಬಂದಿದೆ. ಅವನು ಇಲ್ಲೇ ಕೂತಿದ್ದಾನೆ, ನಗುತ್ತಿದ್ದಾನೆ. ಹಾಗಾದರೆ... ಇದಕ್ಕೇನಾ ನಂಬರು ಕೇಳಿದ್ದು?

"ನನ್ನ ನೋಡಬೇಕಂದ್ರ ಶೆಡ್ಡಿಗೆ ಬಂದು ಮುಖ ತೋರಿಸಬೇಕಿತ್ತು," ಎಂದು ಅವಳು ಅವನ ಮೇಲೆ ಹರಿಹಾಯ್ದಳು. "ನಮ್ಮ ಹೊಟ್ಟಿ ಮ್ಯಾಲ ಆಟ ಆಡಬ್ಯಾಡ್ರಿ. ನಾಳೆ ನನಗ ಮಷೀನು ಇರಂಗಿಲ್ಲ, ಗೊತ್ತೈತೇನು?"

ದಾದಾಪೀರ್ ಎದ್ದು ಗುಂಡಿಯ ಕಲ್ಲು ಸರಿಸಿದ. ತಂತಿಯ ಕೆಳಗಿನ ಮಣ್ಣು ಅಂಗೈಯಷ್ಟು ಹಸಿಯಾಗಿತ್ತು. ತಿರುಗಿ ಮಾಬುಬೀಯತ್ತ ನೋಡಿದ. ಮುದುಕಿ ಚೊಂಬನ್ನು ಸೆರಗಿನೊಳಗೆ ಹಿಡಿದು ಕೂತಿದ್ದಳು.

"ತಪ್ಪು ನಂದs ರಿ," ಎಂದ ಅವನು. "ನಿಮ್ಮ ನಂಬರ್ ತೆಗೀತೀನಿ. ಅಲ್ಲಿ ನಂದು ಹಾಕ್ತೀನಿ. ನೀರು ಬಂದ್ರ ಜಡೆಮ್ಮಕ್ಕಗ ಹೇಳಿ ನಿಮಗ ಸುದ್ದಿ ಮುಟ್ಟಸ್ತೀನಿ."

ತಟ್ಟೆಯಲ್ಲಿ ರೊಟ್ಟಿ ಅರ್ಧ ಹಾಗೇ ಉಳಿಯಿತು.

ಮರುದಿನ ಅವಳ ಮಷೀನಿನ ಮುಂದೆ ಬೇರೆ ಹೆಂಗಸು ಕೂತಿದ್ದಳು. ಮೂರು ದಿನ ಸುಲ್ತಾನಾ ಮನೆಯಲ್ಲಿ ಹಳೆಯ ಬಟ್ಟೆ ಹರಡಿಕೊಂಡು ಕೂತಳು. ಹೊಲಿಗೆ ಮುಂದೆ ಸಾಗಲಿಲ್ಲ. ನಾಲ್ಕನೇ ದಿನ ಚಂದ್ರಣ್ಣನೇ ಕರೆಸಿದ.

"ಕುಂಡ್ರು, ನಿನ್ನ ಮಷೀನು ನಿನಗs. ಆ ಮೊಬೈಲ್ ಹುಡುಗ ಮೂರು ದಿನ ಬಾಗಿಲಾಗ ಬಂದು ನಿಂತಾನವ್ವ. ತಪ್ಪು ಡಬ್ಬೀದು, ಆಕೀದಲ್ಲ ಅಂತ ಒಂದೇ ಮಾತು. ನನಗs ಬ್ಯಾಸರ ಆತು."

ತಪ್ಪು ಮಾಡಿದವನು ಹೀಗೆ ಬಂದು ನಿಲ್ಲುತ್ತಾನೆಯೇ? ಅಂದು ಅವಳ ಹೊಲಿಗೆ ಎರಡು ಸಲ ಸೊಟ್ಟಗಾಯಿತು.

ಸಂಜೆ ಮನೆಗೆ ಬಂದು ಹೇಳಿದಾಗ ಮಾಬುಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವಂದೇನೂ ತಪ್ಪಿಲ್ಲ ಬೇಟಿ. ತಂತಿ ಮ್ಯಾಲ ಒಂದು ಚೊಂಬು ನೀರು ಸುರುವಿದಾಕಿ ನಾನು."

"ಅಮ್ಮಾ... ಯಾಕ?"

"ಅವ ಊಟಕ್ಕ ಬಂದಿದ್ದ. ನೀನೂ ಬಂದ್ರ ಇಬ್ರೂ ನಾಲ್ಕು ಮಾತು ಆಡ್ತೀರಿ ಅಂದ್ಕೊಂಡೆ. ನನ್ನ ಮೊಣಕಾಲಿನ ಸಲುವಾಗಿ ನೀ ಹಿಂಗs ಇದ್ದುಬಿಟ್ರ ನಾ ಯಾವ ಮುಖ ಹೊತ್ತು ಸಾಯಲಿ? ನೀ ಬೈತಿದ್ದಾಗ ಹೇಳಾಕ ಬಾಯಿ ಬರಲಿಲ್ಲ. ಅವಂಗ ಅಲ್ಲೇ ತಿಳೀತು. ನನ್ನ ಮಾನ ಉಳಿಸಿದ."

ಸುಲ್ತಾನಾ ತಾಯಿಯ ಕೈ ಹಿಡಿದುಕೊಂಡಳು. ಬೈಯಬೇಕೆನಿಸಲಿಲ್ಲ. ಅಳು ಬಂತು.

ಬೆಳಗ್ಗೆ ಅವನ ಅಂಗಡಿಗೆ ಹೋದರೆ ಬೀಗ. ಅದು ಭಾನುವಾರ.

"ಸಿರುಗುಪ್ಪಕ್ಕ ಹೋದ," ಎಂದಳು ಜಡೆಮ್ಮ. "ಅಲ್ಲಿ ಕಾಲುವಿಗೆ ಇಂಥವs ಡಬ್ಬಿ ಕೂಡಸಬೇಕಂತ ಭತ್ತದ ಗದ್ದಿಯವರು ಕರದಾರ. ಅಲ್ಲೇ ಅಂಗಡಿನೂ ನೋಡಾಕ ಹತ್ಯಾನಂತ. ಈ ಓಣಿ ಸಾಕಾತು ಅಂದ."

ಮನೆಗೆ ಬಂದು ಸುಲ್ತಾನಾ ಫೋನು ಕೈಗೆತ್ತಿಕೊಂಡಳು. ಜಡೆಮ್ಮನಿಂದ ಅವನ ನಂಬರು ಪಡೆಯಬಹುದು. ಆದರೆ ಅವನು ಎತ್ತಿದರೆ ಏನನ್ನಲಿ? ಬೈದ ಬಾಯಿಂದ ಯಾವ ಮಾತು ಮೊದಲು ಬರಬೇಕು?

ಫೋನು ಕೆಳಗಿಟ್ಟಳು. ಹಂಡೆಯ ತಳದಲ್ಲಿದ್ದ ಕುಡಿಯುವ ನೀರನ್ನು ಒಂದು ಚೊಂಬು ತುಂಬಿಕೊಂಡಳು. ನೀರು ಬಂದು ಒಂಬತ್ತು ದಿನವಾಗಿತ್ತು. ಗುಂಡಿಯ ಕಲ್ಲು ಸರಿಸಿ, ಬಗ್ಗಿ, ತಂತಿಗಳ ಮೇಲೆ ನಿಧಾನವಾಗಿ ಸುರಿದಳು.

ಎರಡು ತಾಸು ಕಳೆಯಿತು. ಸಿರುಗುಪ್ಪದ ಬಸ್ಸಿನ ದೂಳು ಅಂಗಿಯ ಮೇಲೆ ಹೊತ್ತು ದಾದಾಪೀರ್ ಓಣಿಯಲ್ಲಿ ಬೀಸುಗಾಲು ಹಾಕುತ್ತ ಬಂದ.

"ನೀರು ಬಂತೇನ್ರಿ? ನನಗ ಡಬ್ಬಿ ಕಾಲ್ ಬಂತು. ಜಡೆಮ್ಮಕ್ಕಗ ಫೋನ್ ಮಾಡಿದೆ, ಎತ್ತಲಿಲ್ಲ. ನಿಮಗ ಸುದ್ದಿ ಮುಟ್ಟಿತೋ ಇಲ್ಲೋ ಅಂತ ಬಸ್ ಹತ್ತಿದೆ."

ಎದುರು ಕಟ್ಟೆಯ ಮೇಲೆ ಜಡೆಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದಳು.

"ನೀರು ಬಂದಿಲ್ರಿ," ಎಂದಳು ಸುಲ್ತಾನಾ. "ನಾನs ಸುರುವಿದೆ."

ಅವನು ಹಸಿ ಮಣ್ಣನ್ನು ನೋಡಿದ. ಅವಳನ್ನು ನೋಡಿದ.

"ಒಂಬತ್ತನೇ ದಿನದಾಗ?"

"ಕುಡಿಯೋ ನೀರು."

ಅವಳೇ ಮುಂದುವರಿಸಿದಳು. "ಅಮ್ಮ ಎಲ್ಲ ಹೇಳಿದ್ಲು. ನೀವ್ಯಾಕ ಸುಮ್ಮನ ಬೈಸಿಕೊಂಡ್ರಿ?"

"ನಾ ಖರೇ ಹೇಳಿದ್ರ ನೀವು ಅವ್ರನ್ನ ಬೈತಿದ್ರಿ. ಆಮ್ಯಾಲ ರಾತ್ರಿ ಇಬ್ರೂ ಉಣ್ತಿರಲಿಲ್ಲ."

ಅವಳು ತಲೆ ತಗ್ಗಿಸಿದಳು. ಒಳಗೆ ಮಾಬುಬೀ ತವೆ ಒಲೆಗಿಟ್ಟ ಸದ್ದು ಕೇಳಿಸಿತು.

"ಇಲ್ಲೇ ಇದ್ದುಬಿಡ್ರಿ," ಎಂದಳು ಮೆಲ್ಲಗೆ. "ನಾನಂತೂ ಅಮ್ಮನ್ನ ಬಿಟ್ಟು ಎಲ್ಲಿಗೂ ಬರಂಗಿಲ್ಲ."

"ನಿಮ್ಮನ್ನ ಕರಕೊಂಡು ಹೋಗಾಕ ಅಲ್ಲ. ಈ ಮನಿಗೆ ಕೊಡ ಹೊರಾಕ ಬರಲೇನು ಅಂತ ಮೂರು ತಿಂಗಳಿಂದ ಕೇಳಬೇಕಂತಿದ್ದೆ. ಕೇಳಾಕ ಧೈರ್ಯ ಬರಲಿಲ್ಲ."

"ಈಗ ಕೇಳಿದ್ರಿ."

"ಉತ್ತರ?"

"ಡಬ್ಬಿ ತೆಗೀರಿ. ನನ್ನ ನಂಬರ್ ಮತ್ತ ಮೊದಲನೇದಕ್ಕ ಹಾಕ್ರಿ."

"ದೂರ ಇರೋರಿಗೆ ಮೊದಲ ಅಂತ ನಮ್ಮ ಲೆಕ್ಕ."

"ಮತ್ತ ನಾನಲ್ಲೇನು ದೂರ ಇರೋದು? ನಾಳಿಂದ ನೀವು ಇಲ್ಲೇ ಇರ್ತೀರಲ್ಲ."

ದಾದಾಪೀರ್ ಗುಂಡಿಯ ಪಕ್ಕ ಬೋರಲು ಮಲಗಿ, ಕೆಂಪು ತಂತಿಯನ್ನು ಹಲ್ಲಿನ ನಡುವೆ ಹಿಡಿದುಕೊಂಡ. ಸುಲ್ತಾನಾ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ತನ್ನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳತೊಡಗಿದಳು. ಅವನಿಗೆ ಅದು ಬಾಯಿಪಾಠವಾಗಿದೆಯೆಂದು ಅವಳಿಗೆ ಗೊತ್ತಿತ್ತು.