ಒಲ್ಲದ ಬೆರಳು

ಗಾಜಿನ ಪಟ್ಟಿಯ ಮೇಲೆ ವಾಮನ ಹೆಬ್ಬೆರಳಿಟ್ಟ ಕೂಡಲೇ ಪುಟ್ಟ ತಿಜೋರಿಯ ಬಾಗಿಲು ತೆರೆದುಕೊಂಡಿತು. ಒಳಗೆ ಅವನದೇ ಮೊಬೈಲು ಇತ್ತು.

“ಚಲೋ ಆತು. ಈಗ ಮುಚ್ಚಿ, ಇನ್ನೊಮ್ಮೆ ತಗೀರಿ,” ಎಂದರು ಬೀಗ ತಯಾರಿಸಿದ ಕಂಪನಿಯ ಡಾಕ್ಟರ್ ಶಾಂತಲಾ ಹೂಲಿ. “ಆದ್ರ ಈ ಸಲ ಫೋನು ನನ್ನ ಕೈಯಾಗ ಕೊಡಬೇಕು. ಅದರಾಗಿನ ಮೆಸೇಜು ನಾನು ಎಲ್ಲಾರ ಮುಂದ ಜೋರಾಗಿ ಓದ್ತೀನಿ.”

ವಾಮನ ನಕ್ಕ. “ಓದ್ರಿ ಮೇಡಂ. ನನ್ನ ಫೋನಿನ್ಯಾಗ ಮುಚ್ಚಿಡೂವಂಥಾದ್ದು ಏನದ?”

ಬೆರಳಿಟ್ಟ. ಬಾಗಿಲು ಅಲುಗಲಿಲ್ಲ. ಪ್ಯಾಂಟಿಗೆ ಬೆರಳೊರೆಸಿ ಮತ್ತೆ ಇಟ್ಟ. ಉಗುರು ಬಿಳುಪೇರುವಂತೆ ಒತ್ತಿದ. ಪಕ್ಕದಲ್ಲಿದ್ದ ಇಬ್ಬರು ತಂತ್ರಜ್ಞರಿಗೆ ಇದ್ದಕ್ಕಿದ್ದಂತೆ ತಮ್ಮ ಪರದೆಗಳ ಮೇಲೆ ಬಹಳ ಆಸಕ್ತಿ ಹುಟ್ಟಿತು.

ಕೀಲಿಕೈಗಳು ವಸ್ತುಸಂಗ್ರಹಾಲಯ ಸೇರಿ ಒಂದು ತಲೆಮಾರು ಕಳೆದಿದ್ದ ಕಾಲ ಅದು. ಮನೆ, ಅಂಗಡಿ, ಬ್ಯಾಂಕು ಎಲ್ಲವೂ ಬೆರಳಿಗೇ ತೆರೆಯುತ್ತಿದ್ದವು. ಆದ್ದರಿಂದ ಕಳ್ಳರು ಬೀಗ ಮುರಿಯುವ ಕಷ್ಟ ಬಿಟ್ಟು ಯಜಮಾನನ ಕುತ್ತಿಗೆಯನ್ನೇ ಹಿಡಿಯತೊಡಗಿದ್ದರು. ಅದಕ್ಕೆ ಹುಬ್ಬಳ್ಳಿಯ ಈ ಪುಟ್ಟ ಕಂಪನಿ ಕಂಡುಹಿಡಿದ ಉಪಾಯವೇ ಸಮ್ಮತಿಬೀಗ. ಬೆರಳು ಯಾರದು ಎಂಬುದರ ಜೊತೆಗೆ, ಅದು ಮನಸ್ಸಿದ್ದು ಒತ್ತುತ್ತಿದೆಯೇ ಎಂದೂ ಅದು ನೋಡುತ್ತಿತ್ತು.

ವಾಮನನ ಕೆಲಸ ಇಂಥ ಸಣ್ಣ ಕಂಪನಿಗಳನ್ನು ಅಳೆದು ತೂಗಿ, ಬಂಡವಾಳ ಹೂಡಬಹುದೇ ಬೇಡವೇ ಎಂದು ತನ್ನ ಸಂಸ್ಥೆಗೆ ಹೇಳುವುದು. ಅವನಿಗೆ ತನ್ನ ಮೂಗಿನ ಮೇಲೆ ಅಪಾರ ನಂಬಿಕೆ. ಒಳಗೆ ಕಾಲಿಟ್ಟರೆ ಸಾಕು, ಕಂಪನಿ ಉಳಿಯುತ್ತದೋ ಮುಳುಗುತ್ತದೋ ವಾಸನೆಯಲ್ಲೇ ತಿಳಿಯುತ್ತದೆ ಎನ್ನುತ್ತಿದ್ದ. ಇದೇ ಮೂಗು ಹಿಂದೊಮ್ಮೆ ಹಾರುವ ಟಾಂಗಾದ ಕಂಪನಿಗೆ ಜೈ ಎಂದಿತ್ತು. ಟಾಂಗಾ ಹಾರಲಿಲ್ಲ, ಹಾಕಿದ ಹಣ ಹಾರಿತು. ಆಗ ತನಗೆ ನೆಗಡಿಯಾಗಿತ್ತು ಎಂಬುದು ಅವನ ವಾದ.

“ಅಂಜಿಕೊಂಡವ್ರನ್ನೆಲ್ಲಾ ಇದು ಹೊರಗ ನಿಲ್ಲಿಸಿದ್ರ ಹೆಂಗ್ರಿ?” ಎಂದು ವಾಮನ ಗಂಭೀರನಾಗಲು ಯತ್ನಿಸಿದ. “ಮನಿಗೆ ಬೆಂಕಿ ಹತ್ತೇದ ಅನ್ರಿ. ಓಡಿ ಬಂದಾಂವಗೆ ಬಾಗಲಾ ತೆರಿಯಬ್ಯಾಡೇನು?”

“ತೆರಿತೈತ್ರಿ. ಅವಗ ಅಂಜಿಕಿ ಇರ್ತೈತಿ, ಆದ್ರ ಬಾಗಲಾ ತೆರಿಬೇಕು ಅಂತ ಮನಸೂ ಇರ್ತೈತಿ. ಮನಸು ಒಲ್ಲೆ ಅಂದಾಗ ಮಾತ್ರ ಬೆರಳ ಮುಂದ ಒತ್ತೂ ಸ್ನಾಯು, ಹಿಂದ ಎಳಿಯೂ ಸ್ನಾಯು ಎರಡೂ ಕೂಡೇ ಬಿಗಿತಾವು. ತುದಿಯೊಳಗಿನ ರಕ್ತ ಒಂದೀಟು ಹಿಂದ ಸರಿತೈತಿ. ಇದಕ್ಕ ನಾವು ಹಿಂಜರಿತದ ಗೆರಿ ಅಂತೀವಿ. ಮಾರಿ ಮ್ಯಾಲೆ ನಗಿ ತರಬಹುದು, ಬೆರಳ ತುದಿಗೆ ತರಾಕ ಬರೂದಿಲ್ರಿ.”

ಮೆಸೇಜು ಓದುವುದಿಲ್ಲ ಎಂದು ಡಾಕ್ಟರ್ ಮಾತು ಕೊಟ್ಟ ಮೇಲೆಯೇ ಬಾಗಿಲು ಅವನ ಬೆರಳಿಗೆ ತೆರೆಯಿತು. ವಾಮನ ಮೊಬೈಲನ್ನು ಕಿಸೆಗಿಳಿಸಿ ವರದಿ ಬರೆದ. ಪ್ರತಿಸ್ಪರ್ಧಿಗಳ ಭಯ, ಬಿಡಿಭಾಗಗಳ ಕೊರತೆ, ಹಕ್ಕುಸ್ವಾಮ್ಯದ ತಕರಾರು ಎಂದು ಎದುರಾಗಬಹುದಾದ ಅಪಾಯಗಳಿಗೇ ಒಂದು ದೊಡ್ಡ ಅಧ್ಯಾಯ ಮೀಸಲಿಟ್ಟ. ಅವುಗಳಲ್ಲಿ ಒಂದೂ ಎದುರಾಗಲಿಲ್ಲ. ಸಂಸ್ಥೆ ಹಣ ಹೂಡಿತು. ವರ್ಷ ತುಂಬುವುದರೊಳಗೆ ಆಸ್ತಿ ನೋಂದಣಿ ಕಚೇರಿಗಳೆಲ್ಲ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿಸಲು ಸಮ್ಮತಿಬೀಗದ ಗಾಜನ್ನೇ ಕೊಂಡವು. ವಾಮನ ಸಹೋದ್ಯೋಗಿಗಳಿಗೆಲ್ಲ ಧಾರವಾಡ ಪೇಡೆ ಹಂಚಿ, ಮೂಗನ್ನು ಒಮ್ಮೆ ಮುಟ್ಟಿ ತೋರಿಸಿದ.

ಆ ಮಳೆಗಾಲದಲ್ಲಿ ವಿಜಯಪುರದಿಂದ ಅವನ ತಂಗಿ ಇಂದುಮತಿ ಬಂದಳು. ಧಾರವಾಡದಲ್ಲಿ ಅವರ ತಂದೆ ಬಿಟ್ಟುಹೋದ ಬಟ್ಟೆ ಅಂಗಡಿ ಮುಚ್ಚಿಕೊಂಡು ಬಿದ್ದಿತ್ತು. ಅದನ್ನು ಮಾರಿಬಿಡುವುದು ವಾಮನನ ಯೋಚನೆ. ತಂಗಿ ತನ್ನ ಪಾಲು ಬಿಟ್ಟುಕೊಟ್ಟು ಒಂದು ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಅವಳು ಒಂದು ಮಾತೂ ಎದುರಾಡದೆ, ಅಣ್ಣನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು.

ನೋಂದಣಿ ಕಚೇರಿಯಲ್ಲಿ ಇಂದುಮತಿ ಗಾಜಿನ ಮೇಲೆ ಬೆರಳಿಟ್ಟಳು. ಕೆಂಪು ದೀಪ ಹತ್ತಿತು.

“ಅವಸರ ಮಾಡಬ್ಯಾಡ ಇಂದೂ. ಆರಾಮಾಗಿ ಒತ್ತು.”

“ಒತ್ತಲಿಕತ್ತೀನಿ ಅಣ್ಣಾ.”

ಮತ್ತೆ ಕೆಂಪು. ವಾಮನ ಕರವಸ್ತ್ರದಿಂದ ಗಾಜು ಒರೆಸಿದ, ತಂಗಿಯ ಬೆರಳನ್ನೂ ಒರೆಸಿದ. ಮತ್ತೆ ಕೆಂಪು. “ಮಷೀನ್ ಕೆಟ್ಟದ ಸಾಹೇಬ್ರ,” ಎಂದ ಅಧಿಕಾರಿಗೆ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. “ಕೆಡೂದಿಲ್ಲ ಅಂತ ಪೇಪರಿನ್ಯಾಗ ಸಂದರ್ಶನ ಕೊಟ್ಟಾವ್ರು ನೀವ ಅಲ್ರೀ? ಈ ಮಷೀನ್ ಬಂದಾಗಿಂದ ಪಾಲು ಬಿಟ್ಟುಕೊಡೂ ಪತ್ರ ಹತ್ರಾಗ ಒಂಬತ್ತು ವಾಪಸ್ ಹೊಂಟಾವು. ಎಲ್ಲಾ ಅಣ್ಣತಮ್ಮಂದಿರೂ ಹಿಂಗ ಗಾಜು ಒರಸ್ತಾರ.”

ಇಂದುಮತಿಗೆ ನಾಚಿಕೆಯಿಂದ ಕಣ್ಣು ತುಂಬಿದವು. “ನಾ ಒಲ್ಲೆ ಅಂದಿಲ್ಲ ಅಣ್ಣಾ. ದೇವರಾಣಿ ಅಂದಿಲ್ಲ. ಈ ಬೆರಳಿಗೆ ಏನಾಗೇದೋ.”

ವಾಮನನಿಗೆ ತಂಗಿಯ ಅಳು ನೋಡಲಾಗಲಿಲ್ಲ. ನಾಲ್ಕು ಜನ ನೋಡುತ್ತಿದ್ದರು ಬೇರೆ. ಅವನು ದೊಡ್ಡ ಮನಸ್ಸು ಮಾಡಿದ. “ಹಂಗಾರ ಇಬ್ಬರಿಗೂ ಅರ್ಧಾ ಅರ್ಧಾ. ಪತ್ರ ಬದಲಿಸ್ರಿ ಸಾಹೇಬ್ರ.” ಪತ್ರ ಬದಲಾಯಿತು. ತನ್ನ ಔದಾರ್ಯಕ್ಕೆ ತಾನೇ ಸ್ವಲ್ಪ ಕರಗಿ, ಎಲ್ಲರಿಗೂ ಕಾಣುವಂತೆ ಕೈ ಮುಂದೆ ಚಾಚಿ ಬೆರಳೊತ್ತಿದ.

ಕೆಂಪು ದೀಪ ಹತ್ತಿತು.

ಇಂದುಮತಿ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಅಧಿಕಾರಿ ಬೇಸರವಿಲ್ಲದ ದನಿಯಲ್ಲಿ, “ಹೊರಗ ಬೆಂಚ್ ಹಾಕೀವ್ರಿ. ಮಾತಾಡಿಕೊಂಡು ಬರ್ರಿ. ಕರಿತೀವಿ,” ಎಂದರು.

ಹೊರಗೆ ಉದ್ದಕ್ಕೂ ಬೆಂಚುಗಳಿದ್ದವು. ಎಲ್ಲದರ ಮೇಲೂ ಒಡಹುಟ್ಟಿದವರೇ ಕೂತಿದ್ದರು. ಕೆಲವರು ಜಗಳಾಡುತ್ತಿದ್ದರು, ಒಬ್ಬ ಮುದುಕ ತನ್ನ ಅಕ್ಕನ ಕೈ ಹಿಡಿದು ಏನೋ ಹೇಳುತ್ತಿದ್ದ. ವಾಮನ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು ತಂಗಿಯ ಕಡೆ ತಿರುಗಿದ.

“ನಿನಗೇನು ಬೇಕಾಗೇದ ಇಂದೂ? ಖರೇ ಹೇಳು.”

“ನನಗ ಅರ್ಧಾ ಬ್ಯಾಡ. ಅಂಗಡಿ ಮಾರಬ್ಯಾಡ. ನಾ ಅಲ್ಲಿ ಕೂಡಬೇಕು.”

“ಕೂತು?”

“ಇಳಕಲ್ ಸೀರಿ ಮಾರ್ತೀನಿ. ನೇಕಾರರ ಮನಿಗೇ ಹೋಗಿ ತರ್ತೀನಿ. ಅವರ ಪರಿಚಯ ಅದ. ಮದುವಿ ಆದಾಗಿಂದ ಲೆಕ್ಕಾ ಹಾಕಲಿಕತ್ತೀನಿ ನಾ.”

“ನನಗ ಯಾಕ ಹೇಳಲಿಲ್ಲ?”

“ನೀ ಎಂದರ ಕೇಳಿದ್ದೇನು?”

ಊರೂರು ಅಲೆದು ಕಂಡವರ ಕಂಪನಿಗಳನ್ನೆಲ್ಲ ಅಳೆದುಬಂದವನು ತಂಗಿಯ ಲೆಕ್ಕವನ್ನು ಒಮ್ಮೆಯೂ ಕೇಳಿರಲಿಲ್ಲ. ಅವನು ಹೋಳಿಗೆಯ ಗಂಟು ಬಿಚ್ಚಿ ಇಬ್ಬರ ನಡುವೆ ಇಟ್ಟ.

“ಗಿರಾಕಿ ಎಲ್ಲಿಂದ ಬರ್ತಾರ?” ಎಂದು ಕೇಳಿದ. ಅವಳು ಹೇಳತೊಡಗಿದಳು. ಅವನು ನಡುವೆ ಬಾಯಿ ಹಾಕಿದ, ಅವಳು ಅದನ್ನು ಅಲ್ಲಗಳೆದಳು. ದನಿ ಏರಿತು. ಅವಳು ಹೇಳಿದ್ದೇ ಸರಿ ಎಂದು ಅವನಿಗೆ ತಿಳಿಯಿತು, ಆದರೂ ವಾದ ಬಿಡಲಿಲ್ಲ.

ಒಳಗಿನಿಂದ ಅವರ ಹೆಸರು ಕೂಗಿದರು. ಇಬ್ಬರೂ ಏಳಲಿಲ್ಲ.